ಬೆನ್ನು ತಿರುಗಿಸಿದ ಹುಡುಗಿ

ಕರ್ಪೂರದೆಣ್ಣೆಯ ವಾಸನೆ ಬಂದರೆ ಸಾಕು, ಸುಪಿಂಗ್ ಆರು ವರ್ಷದ ಹುಡುಗಿಯಾಗಿಬಿಡುತ್ತಿದ್ದಳು. ಜಿಯುಜಿಯಾಂಗ್ ಬಂದರಿನಲ್ಲಿ ಅವಳ ಅಪ್ಪನಿಗೊಂದು ಪಿಂಗಾಣಿ ಅಂಗಡಿಯಿತ್ತು. ಅದರ ಹಿಂಬದಿಯ ಕಿಟಕಿಯ ಬಳಿ ಕುಳಿತು, ಕೊಂಡವರ ಹೆಸರನ್ನು ಬಟ್ಟಲುಗಳ ಮೇಲೆ ಬರೆದುಕೊಡುತ್ತಿದ್ದ ಮುದುಕನೊಬ್ಬ ಬಣ್ಣದ ಪುಡಿಯನ್ನು ಆ ಎಣ್ಣೆಯಲ್ಲಿ ಕಲಸುತ್ತಿದ್ದ. ಅವಳು ಹೋಗಿ ನಿಂತರೆ ಮೂಗಿನ ತುದಿಗೆ ಒಂದು ಕೆಂಪು ಚುಕ್ಕೆ ಇಟ್ಟು, ಏನೂ ಮಾಡದವನಂತೆ ಮತ್ತೆ ಕೆಲಸಕ್ಕೆ ತೊಡಗುತ್ತಿದ್ದ.

ಜಿಂಗ್‌ದೆಜೆನ್‌ನಲ್ಲಿ ತೂ ಯಜಮಾನರ ಚಿತ್ರಶಾಲೆಯ ಹೊಸ್ತಿಲು ದಾಟಿದ ದಿನವೂ ಅದೇ ವಾಸನೆ ಅವಳನ್ನು ಎದುರುಗೊಂಡಿತು. ಆದರೆ ಇಲ್ಲಿ ಅದರ ಅಡಿಯಲ್ಲಿ ಇನ್ನೊಂದು ವಾಸನೆಯಿತ್ತು. ಹೊಳೆಯ ತಳದ ಕೆಸರಿನದು. ಬಹಳ ಕಾಲ ನೀರಿನಡಿ ಬಿದ್ದಿದ್ದ ಬಟ್ಟೆಯನ್ನು ಯಾರೋ ಆಗತಾನೇ ಹಿಂಡಿ ಹೋದಂತೆ. ಅದು ಎಲ್ಲಿಂದ ಬರುತ್ತಿದೆಯೆಂದು ಸುಪಿಂಗ್ ಹುಡುಕಿದಳು. ಕಿಟಕಿಯ ಕೆಳಗೆ ಕೆಂಪು ಬಣ್ಣ ಅರೆಯುವ ಚಪ್ಪಟೆ ಕಲ್ಲಿನ ಬಳಿ ಅದು ಹೆಚ್ಚಾಗಿತ್ತು. ಕಲ್ಲನ್ನು ಮುಟ್ಟಿದಳು. ಒದ್ದೆಯಾಗಿತ್ತು.

"ಒಂದು ಮಾತು ಹೇಳ್ತೀನಿ, ಹುಡುಗಿ," ಎಂದಳು ಮೂಲೆಯಲ್ಲಿ ಕುಳಿತಿದ್ದ ಗೆಂಗ್ ಅತ್ತೆ. ಅರವತ್ತು ದಾಟಿದ ಹೆಂಗಸು. ಮೂವತ್ತು ವರ್ಷದಿಂದ ಆ ಮನೆಯ ಫಲಕಗಳಿಗೆ ಮುಖ ಬರೆದವಳು. ಈಗ ಕೈ ನಡುಗುತ್ತಿದ್ದುದರಿಂದ ಯಜಮಾನರು ಶಾಂಘೈನಲ್ಲಿ ಕಲಿತ ಸುಪಿಂಗ್‌ಳನ್ನು ಆ ಜಾಗಕ್ಕೆ ಕರೆಸಿಕೊಂಡಿದ್ದರು. "ಒಂದನೇದು, ಎರಡನೇದು, ನಾಲ್ಕನೇದು, ಇವೆಲ್ಲದರಲ್ಲೂ ಮುಖ ಬರಿ. ಮೂರನೇ ಫಲಕದಲ್ಲಿ ಮಾತ್ರ ಹುಡುಗಿಯ ಬೆನ್ನು ಬರಿ. ಮುಖ ಬೇಡ."

ಆ ಮನೆಯಲ್ಲಿ ತಯಾರಾಗುತ್ತಿದ್ದುದು ಒಂದೇ ಪ್ರೇಮಕಥೆ, ನಾಲ್ಕು ಪಿಂಗಾಣಿ ಫಲಕಗಳಲ್ಲಿ. ದೀಪ ಹಚ್ಚುವ ಹುಡುಗಿಯೂ ದೋಣಿಯವನೂ ಹೊಳೆಯ ದಡದಲ್ಲಿ ಭೇಟಿಯಾಗುವುದು ಮೊದಲನೆಯದು. ಅವನನ್ನು ಬೀಳ್ಕೊಡುವುದು ಎರಡನೆಯದು. ಅವಳು ಒಬ್ಬಳೇ ನಿಂತು ಕಾಯುವುದು ಮೂರನೆಯದು. ನಾಲ್ಕನೆಯದರಲ್ಲಿ ಇಬ್ಬರೂ ಒಂದೇ ದೋಣಿಯಲ್ಲಿರುತ್ತಿದ್ದರು. ಊರಿನ ಉಳಿದ ಚಿತ್ರಶಾಲೆಗಳೂ ಇದೇ ಕಥೆಯನ್ನು ಬರೆಯುತ್ತಿದ್ದವು. ಎಲ್ಲರ ಮೂರನೇ ಫಲಕದಲ್ಲೂ ಹುಡುಗಿಗೆ ಮುಖವಿತ್ತು. ಈ ಮನೆಯದರಲ್ಲಿ ಮಾತ್ರ ಇರಲಿಲ್ಲ.

"ಯಾಕೆ ಅತ್ತೆ? ಮುಖ ತೊಳ್ಕೊಂಡಿಲ್ವಾ ಅವಳು?"

ಗೆಂಗ್ ಅತ್ತೆ ನಗಲಿಲ್ಲ. "ಯಾಕೆ ಅಂತ ಈ ಕಲ್ಲಿನ ಮುಂದೆ ಹೇಳೋದಿಲ್ಲ. ಅದು ಕೇಳಿಸಿಕೊಳ್ಳುತ್ತೆ."

ಸುಪಿಂಗ್ ತುಟಿ ಕಚ್ಚಿ ನಗು ತಡೆದಳು. ಕುಶಲ ಕೈಗಳೆಲ್ಲ ತಮ್ಮ ಜಾಗ ಉಳಿಸಿಕೊಳ್ಳಲು ಇಂಥದ್ದೊಂದು ಬೆದರುಬೊಂಬೆ ನಿಲ್ಲಿಸಿರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಬಹುಶಃ ಆ ಮುಖದಲ್ಲೇ ಯಾವುದೋ ಕೈಚಳಕವಿರಬೇಕು. ಮುದುಕಿ ಅದನ್ನು ಬಿಟ್ಟುಕೊಡಲು ತಯಾರಿಲ್ಲ.

ಅನುಮಾನಕ್ಕೆ ಅಂದೇ ಇನ್ನೊಂದು ಕಾರಣವೂ ಸಿಕ್ಕಿತು. ಸುಪಿಂಗ್‌ಳ ಜೊತೆ ಅವಳ ತಂಗಿ ಸುಹೆಯೂ ಬಂದಿದ್ದಳು. ಹದಿನೇಳು ವರ್ಷ; ಮಾತಿಗಿಂತ ನಗು ಹೆಚ್ಚು. ಅಪ್ಪ ಅಮ್ಮ ಇಬ್ಬರೂ ಒಂದೇ ಚಳಿಗಾಲದಲ್ಲಿ ಹೋದ ಮೇಲೆ ಸುಪಿಂಗ್‌ಗೆ ಈ ಭೂಮಿಯ ಮೇಲೆ ತನ್ನವಳೆಂದು ಇದ್ದವಳು ಅವಳೊಬ್ಬಳೇ. ಆ ಮಧ್ಯಾಹ್ನ ಗೆಂಗ್ ಅತ್ತೆ ಸುಹೆಯನ್ನು ಬಿಸಿಲಿಗೆ ಕೂರಿಸಿಕೊಂಡು ತಲೆ ಬಾಚುತ್ತ, ಅವಳು ಹುಟ್ಟಿದ ವರ್ಷ, ತಿಂಗಳು, ದಿನ, ಗಳಿಗೆ ಎಲ್ಲವನ್ನೂ ಕೇಳಿದಳು. ಆಮೇಲೆ ಹಳದಿ ಕಾಗದದ ಚೂರೊಂದರ ಮೇಲೆ ಕೆಂಪಿನಲ್ಲಿ ಏನನ್ನೋ ಬರೆದು ಮಡಿಸಿ ಅಂಗಿಯ ತೋಳಿನೊಳಗೆ ಸೇರಿಸಿದ್ದನ್ನು ಸುಪಿಂಗ್ ಬಾಗಿಲ ಸಂದಿಯಿಂದ ನೋಡಿದಳು. ಹುಟ್ಟಿದ ಗಳಿಗೆಯನ್ನು ಪರರ ಕೈಗೆ ಕೊಡಬಾರದೆಂದು ಅಮ್ಮ ಹೇಳುತ್ತಿದ್ದಳು. ಮಾಟವನ್ನು ನಂಬದ ಸುಪಿಂಗ್‌ಗೆ ಮಾಟ ಮಾಡುವವರ ಬಗ್ಗೆ ಅನುಮಾನವಂತೂ ಇತ್ತು.

"ಯಾಕೆ ಹೇಳ್ದೆ ಅವರಿಗೆ?" ಎಂದು ತಂಗಿಯನ್ನು ಗದರಿದಳು.

"ತಲೆ ಎಷ್ಟು ಹಗುರವಾಗಿ ಬಾಚ್ತಾರೆ ಗೊತ್ತಾ ಅಕ್ಕ? ನೀನು ಹುಲ್ಲು ಕೀಳೋ ಹಾಗೆ ಬಾಚ್ತೀಯ. ಅವರು ಕೇಳಿದ್ರೆ ನನ್ನ ಹಲ್ಲೂ ಎಣಿಸಿ ಹೇಳ್ತಿದ್ದೆ."

ನಾಲ್ಕು ತಿಂಗಳು ಕಳೆದವು. ಚಳಿಗಾಲ ಬಂತು. ಯಜಮಾನರು ಹದಿನೈದು ದಿನಕ್ಕೆಂದು ನಾನ್‌ಚಾಂಗ್‌ಗೆ ಹೋದರು. ಅವರಿಲ್ಲದಾಗಲೇ ಸುಪಿಂಗ್ ಮೂರನೇ ಫಲಕವನ್ನು ಎತ್ತಿಕೊಂಡಳು. ಶಾಂಘೈನಿಂದ ಬಂದಿದ್ದ ವ್ಯಾಪಾರಿಯೊಬ್ಬ ಹಜಾರದಲ್ಲಿ ತೂಗುಹಾಕಿದ್ದ ಹಳೆಯ ಮೂರನೇ ಫಲಕವನ್ನು ನೋಡಿ, "ಇದೇನು, ಬಂದೋರಿಗೆ ಬೆನ್ನು ತೋರಿಸ್ತಾಳೆ? ಅತ್ತೆ ಮನೇಲಿ ಮುನಿಸಿಕೊಂಡ ಸೊಸೆ ಹಾಗೆ!" ಎಂದು ಎಲ್ಲರನ್ನೂ ನಗಿಸಿದ್ದ. ಸುಪಿಂಗ್‌ಳ ಕೈ ಅಂದಿನಿಂದ ತುರಿಸುತ್ತಿತ್ತು.

"ಬಾರೇ, ಕೂತ್ಕೋ," ಎಂದು ಸುಹೆಯನ್ನು ಕರೆದಳು.

ಗೆಂಗ್ ಅತ್ತೆ ಎದ್ದು ಬಂದು ಮೇಜಿಗೆ ಅಡ್ಡವಾಗಿ ನಿಂತಳು. "ಬೇಡ. ಬರೀಲೇಬೇಕು ಅಂದ್ರೆ ಬದುಕಿರೋರ ಮುಖ ಬೇಡ. ಅವಳದಂತೂ ಬೇಡ."

"ಅತ್ತೆ, ಸುಡೋಕೆ ಆವಿಗೆಗೆ ಹೋಗೋ ತನಕ ಇದು ಬರೀ ಎಣ್ಣೆ, ಪುಡಿ. ಹೆಬ್ಬೆರಳಲ್ಲಿ ಒರೆಸಿದ್ರೆ ಹೋಯ್ತು. ಇದಕ್ಕೆ ಯಾಕಿಷ್ಟು ಹೆದರ್ತೀರ?"

"ಹಾಗಾದ್ರೆ ಒರೆಸು. ಈಗಲೇ ಒರೆಸು."

ಆ ದನಿಯಲ್ಲಿದ್ದ ಅವಸರವೇ ಸುಪಿಂಗ್‌ಳನ್ನು ಹಟಕ್ಕೆ ಬೀಳಿಸಿತು. ಅವಳು ಒರೆಸಲಿಲ್ಲ. ಸುಹೆಯ ದುಂಡು ಗಲ್ಲ, ಮೇಲಕ್ಕೆ ಎಳೆದಂತಿದ್ದ ಕಣ್ಣಿನ ತುದಿ, ನಗು ತಡೆದುಕೊಂಡ ತುಟಿ, ಎಲ್ಲವೂ ಪಿಂಗಾಣಿಯ ಬಿಳಿಯ ಮೇಲೆ ಮೂಡಿದವು. ತುಟಿಗೆ ಕೆಂಪನ್ನು ಆ ಒದ್ದೆ ಕಲ್ಲಿನಿಂದಲೇ ತೆಗೆದುಕೊಂಡಳು. ಫಲಕವನ್ನು ತಾನೇ ಹೊತ್ತು ಆವಿಗೆಯ ಕೋಣೆಗೆ ಹೋದಳು.

ಅಲ್ಲಿ ಹಗಲಲ್ಲೂ ಕತ್ತಲು. ಕಿಟಕಿಯಿಲ್ಲ, ಇದ್ದಿಲ ಕೆಂಪು ಬಿಟ್ಟರೆ ಬೇರೆ ಬೆಳಕಿಲ್ಲ. ಬೆಂಕಿ ನೋಡಿಕೊಳ್ಳುತ್ತಿದ್ದ ಲೈ ಅಣ್ಣ ಫಲಕವನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿದ. ಅವನ ಮುಖ ಬಿಗಿಯಾಯಿತು.

"ಯಜಮಾನರಿಗೆ ಗೊತ್ತಾ?"

"ಬಂದ ಮೇಲೆ ಗೊತ್ತಾಗುತ್ತೆ. ನಿಮಗೂ ಅತ್ತೆ ಕತೆ ಹೇಳಿದ್ದಾರಾ?"

ಅವನು ಫಲಕವನ್ನು ಒಳಗಿಟ್ಟು, ಮುಚ್ಚುವ ಮುನ್ನ ತಲೆಯ ಟೋಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ಫಲಕ ಬೆಂಕಿಯಿಂದ ಹೊಳೆಯುತ್ತ ಹೊರಬಂತು. ಅಷ್ಟು ಜೀವಂತ ಮುಖ ಸುಪಿಂಗ್‌ಳ ಕೈಯಿಂದ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಸುಹೆ ಸೊಪ್ಪು ತೊಳೆಯಲು ಹೊಳೆಗೆ ಹೋದವಳು ಹೊತ್ತಾದರೂ ಬರಲಿಲ್ಲ. ಸುಪಿಂಗ್ ಹೋಗಿ ನೋಡಿದಾಗ ಅವಳು ಮೆಟ್ಟಿಲ ಮೇಲೆ ನಿಂತು ಹೊಳೆ ಬರುವ ದಿಕ್ಕನ್ನೇ ನೋಡುತ್ತಿದ್ದಳು. ಸೊಪ್ಪು ನೀರಿನಲ್ಲಿ ತೇಲಿಹೋಗಿತ್ತು.

"ಯಾರನ್ನ ಕಾಯ್ತಿದ್ದೀಯೇ?"

"ಹಾಂ? ಯಾರೂ ಇಲ್ಲ." ಸುಹೆ ಕಣ್ಣು ಮಿಟುಕಿಸಿ ನಕ್ಕಳು. "ಯಾರೋ ಬರ್ತಾರೆ ಅನ್ನಿಸ್ತು."

ಎರಡನೆಯ ದಿನ ಅರ್ಧ ಹಗಲು ನಿಂತಳು. ಮೂರನೆಯ ದಿನ ಬೆಳಗ್ಗೆ ಎದ್ದವಳೇ ಹೋದಳು. ನಾಲ್ಕನೆಯ ದಿನ ಸುಪಿಂಗ್ ಅವಳ ಕೈ ಹಿಡಿದು ಎಳೆದಾಗ ಅವಳು ಅಲುಗಲಿಲ್ಲ. ಹದಿನೇಳರ ಆ ಹಗುರ ದೇಹ ನೆಲಕ್ಕೆ ನೆಟ್ಟ ಕಲ್ಲಿನಂತಿತ್ತು. ಸುಪಿಂಗ್ ಬೆಚ್ಚಿ ತಂಗಿಯ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ನುಣುಪಾಗಿತ್ತು. ಬೆರಳಿನುಂಗುರ ತಾಗಿ ಕೆನ್ನೆಯಿಂದ ಸಣ್ಣ ಶಬ್ದವೊಂದು ಬಂತು. ಒಳ್ಳೆಯ ಬಟ್ಟಲನ್ನು ಉಗುರಿನಿಂದ ತಟ್ಟಿದಾಗ ಬರುವಂಥದ್ದು.

ಅವಳು ಚಿತ್ರಶಾಲೆಗೆ ಓಡಿಬಂದಳು. ಮೂರನೇ ಫಲಕವನ್ನು ಕೈಗೆತ್ತಿಕೊಂಡಳು. ಅವಳು ಬರೆದಾಗ ಹುಡುಗಿ ನೋಡುವವರನ್ನೇ ನೇರ ನೋಡುತ್ತಿದ್ದಳು. ಈಗ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಮುಖ ಹೊಳೆಯ ಕಡೆ ಹೊರಳಿತ್ತು. ಲಂಗದ ಅಂಚು ಒದ್ದೆಯಾಗಿತ್ತು. ಸುಪಿಂಗ್ ಅಲ್ಲಿ ನೀರು ಬರೆದಿರಲಿಲ್ಲ.

ಕೆಸರಿನ ವಾಸನೆ ಕೋಣೆಯ ತುಂಬ ಹರಡಿತ್ತು.

ಅವಳಿಗೆ ಮೊದಲು ನೆನಪಾದದ್ದು ಹಳದಿ ಕಾಗದ. ಗೆಂಗ್ ಅತ್ತೆಯ ಜಾಗವನ್ನೆಲ್ಲ ತಡಕಾಡಿದಳು. ಕಾಗದವಿರಲಿಲ್ಲ. ಮೇಜಿನ ಖಾನೆಯಲ್ಲಿ ಬಾಚಣಿಗೆಯೊಂದು ಸಿಕ್ಕಿತು. ಅದರಲ್ಲಿ ಸುಹೆಯ ಕೂದಲಿತ್ತು. ಬಾಚಣಿಗೆಯನ್ನು ಹಿಡಿದುಕೊಂಡೇ ಹೊಳೆಯತ್ತ ಧಾವಿಸಿದಳು.

ಮಂಜು ದಟ್ಟವಾಗಿತ್ತು. ದೋಣಿಗಳ ಹುಟ್ಟಿನ ಸದ್ದು ಕೇಳುತ್ತಿತ್ತು, ದೋಣಿ ಕಾಣುತ್ತಿರಲಿಲ್ಲ. ಗೆಂಗ್ ಅತ್ತೆ ಸುಹೆಯ ಪಕ್ಕದಲ್ಲಿ ನಿಂತಿದ್ದಳು. ತನ್ನ ಹತ್ತಿಯ ಅಂಗಿಯನ್ನು ಬಿಚ್ಚಿ ಅವಳಿಗೆ ಹೊದಿಸಿದ್ದಳು.

"ಏನು ಮಾಡಿದ್ರಿ ಅವಳಿಗೆ? ಏನು ಕುಡಿಸಿದ್ರಿ?"

"ನಾನೇನೂ ಮಾಡಿಲ್ಲ, ಮಗಳೇ. ಕೇಳು. ಇಲ್ಲಿ ಹೇಳಬಹುದು." ಗೆಂಗ್ ಅತ್ತೆಯ ಹಲ್ಲು ಚಳಿಗೆ ಕಟಕಟ ಎನ್ನುತ್ತಿತ್ತು. "ಹಿಂದೆ ಈ ಮನೇಲಿದ್ದ ಚಿತ್ರಗಾರ ಒಬ್ಬ ಹುಡುಗಿಗೆ ಮದುವೆ ಆಸೆ ಹುಟ್ಟಿಸಿ, ಅವಳನ್ನ ಕೂರಿಸಿ ಮೂರನೇದನ್ನ ಬರೆದ. ದೋಣಿ ಹತ್ತಿ ಹೋದೋನು ತಿರುಗಿ ಬರ್ಲಿಲ್ಲ. ಅವಳು ಇಲ್ಲೇ ಕಾದು ಕಾದು ನೀರಿಗಿಳಿದಳು. ಅವಳ ತಾಯಿ ಗುಡ್ಡದ ಕಡೆಯವಳು, ಮಂತ್ರ ಬಲ್ಲೋಳು. ಮಗಳ ಕೂದಲು ಸುಟ್ಟು ಆ ಬೂದೀನ ನಮ್ಮ ಕೆಂಪು ಕಲ್ಲಿಗೆ ತಿಕ್ಕಿದಳು. ಈ ಮನೆಯೋರು ದಡದಲ್ಲಿ ಕಾಯೋ ಹುಡುಗಿಗೆ ಯಾರ ಮುಖ ಬರೀತಾರೋ ಅವರೆಲ್ಲ ನನ್ನ ಮಗಳ ಹಾಗೆ ಕಾಯ್ಲಿ ಅಂದಳು. ಕಲ್ಲನ್ನ ಮೂರು ಸಲ ಹೊಳೆಗೆ ಎಸೆದ್ವಿ. ಮೂರು ಸಲವೂ ಬೆಳಗಾಗೋದರೊಳಗೆ ಹೊಸ್ತಿಲ ಮೇಲಿತ್ತು."

"ಕತೆ ಚೆನ್ನಾಗಿ ಕಟ್ಟಿದ್ದೀರಿ. ಆಮೇಲೆ?"

"ಹಜಾರದಲ್ಲಿ ಇದೆಯಲ್ಲ, ಬೆನ್ನು ತಿರುಗಿಸಿದ ಹುಡುಗಿ. ಅವಳು ಮೊದಲು ಹಾಗಿರ್ಲಿಲ್ಲ. ಮುಂದಕ್ಕೇ ನೋಡ್ತಿದ್ದಳು. ಶಾಪಾನ ನಂಬದೆ ನಾನೇ ಬರೆದಿದ್ದು." ಅವಳು ಸುಹೆಯ ಕೈಯನ್ನು ತನ್ನೆರಡು ಕೈಗಳಲ್ಲಿ ಹಿಡಿದು ಉಜ್ಜಿದಳು. "ಅದು ನನ್ನ ಮಗಳು. ಮುಖ ಪೂರ್ತಿ ತಿರುಗಿದ ದಿನ ನೀರಿಗೆ ಇಳಿದಳು."

ಸುಪಿಂಗ್ ಒಂದು ಕ್ಷಣ ನಂಬಿಬಿಟ್ಟಳು. ಆಮೇಲೆ ಕೈಯಲ್ಲಿದ್ದ ಬಾಚಣಿಗೆ ಕಂಡಿತು. ಮಗಳನ್ನು ಕಳೆದುಕೊಂಡವಳು ಇನ್ನೊಬ್ಬರ ಮಗಳ ಕೂದಲನ್ನು ಯಾಕೆ ಕೂಡಿಡುತ್ತಾಳೆ? ಹುಟ್ಟಿದ ಗಳಿಗೆ ಯಾಕೆ ಬೇಕು? ತನ್ನವಳ ಬದಲಿಗೆ ಇನ್ನೊಬ್ಬಳನ್ನು ಹೊಳೆಗೆ ಒಪ್ಪಿಸಿದರೆ ತನ್ನವಳು ಬಿಡುಗಡೆಯಾಗುತ್ತಾಳೆಂದು ನಂಬಿದ್ದಾಳೋ ಏನೋ.

"ಬಿಡಿಸೋ ದಾರಿ?"

"ಫಲಕ ಒಡೆದ್ರೆ ಇವಳೂ ಒಡೀತಾಳೆ." ಗೆಂಗ್ ಅತ್ತೆ ಕಣ್ಣು ತಪ್ಪಿಸಿದಳು. "ಫಲಕದಲ್ಲಿ ಕಣ್ಣು ಕಾಣೋ ತನಕ ಅದರ ಮೇಲೆ ಬಿಳಿ ಹಚ್ಚಿ ಬದುಕಿರೋ ಇನ್ನೊಬ್ಬರ ಮುಖ ಬರೀಬಹುದು. ನನಗದು ಗೊತ್ತಾದಾಗ ನನ್ನ ಮಗಳದು ಕಿವಿ ಮಾತ್ರ ಉಳಿದಿತ್ತು. ಆದ್ರೆ ಬರೆಸ್ಕೊಂಡೋರು ಇವಳ ಬದಲು ನಿಲ್ಲಬೇಕಾಗುತ್ತೆ. ಅದನ್ನ ಯಾರಿಗೆ ಮಾಡ್ತೀಯ? ನಾಳೆ ಯಜಮಾನ್ರು ಬರ್ತಾರೆ. ಅಲ್ಲೀ ತನಕ ಇವಳನ್ನ ನಾನು ನೋಡ್ಕೋತೀನಿ. ಅವರು ಬರ್ಲಿ."

ನಾಳೆ. ಒಂದು ಕಣ್ಣು ಉಳಿದಿದೆ, ಇವಳು ನಾಳೆ ಎನ್ನುತ್ತಾಳೆ. ಮುಖ ಪೂರ್ತಿ ತಿರುಗಲಿ ಎಂದೇ ಕಾಯುತ್ತಿದ್ದಾಳೆ. ಸುಪಿಂಗ್‌ಗೆ ಈಗ ಯಾವ ಅನುಮಾನವೂ ಉಳಿಯಲಿಲ್ಲ.

"ಆಗಲಿ ಅತ್ತೆ," ಎಂದು ಮೆತ್ತಗೆ ಹೇಳಿದಳು. "ನೀವು ಇಲ್ಲೇ ಇರಿ."

ಚಿತ್ರಶಾಲೆಯ ಬಾಗಿಲು ಹಾಕಿಕೊಂಡಳು. ದಪ್ಪ ಬಿಳಿಯನ್ನು ಕಲಸಿದಳು. ತಂಗಿಯ ಮುಖದ ಮೇಲೆ ಹಚ್ಚಿದಳು. ನಾಲ್ಕು ತಿಂಗಳು ದಿನವೂ ಎದುರಿಗೆ ಕಂಡ ಮುಖವನ್ನು ಬರೆಯಲು ಕನ್ನಡಿ ಬೇಕಿರಲಿಲ್ಲ, ಎದುರಿಗೆ ಯಾರೂ ಕೂರಬೇಕಿರಲಿಲ್ಲ. ಕುಳಿಬಿದ್ದ ಕೆನ್ನೆ. ಹುಬ್ಬಿನ ನಡುವಿನ ಎರಡು ಗೆರೆ. ಎಡಗಣ್ಣಿನ ಕೆಳಗಿನ ಮಚ್ಚೆ. ಅವಳ ಕತೆ ಸುಳ್ಳಾದರೆ ಏನೂ ಆಗುವುದಿಲ್ಲ. ನಿಜವಾದರೆ ಮಾಡಿದವಳೇ ನಿಲ್ಲಲಿ. ಕೆಂಪು ಕಲ್ಲಿನ ಮೇಲೆ ಕುಂಚ ಆಡಿಸಿದಾಗ ಅದು ಬೆಚ್ಚಗಿತ್ತು.

"ಇದೇನಿದು?" ಎಂದ ಲೈ ಅಣ್ಣ, ಫಲಕ ನೋಡಿ. "ಅತ್ತೆ ಒಪ್ಪಿದ್ರಾ? ಅವರೇ ಹೇಳಿದ್ರಾ ಬರಿ ಅಂತ?"

"ಹೂಂ," ಎಂದಳು ಸುಪಿಂಗ್.

ಆವಿಗೆ ಮುಚ್ಚಿತು. ಇದ್ದಿಲು ಕೆಂಪಾಯಿತು. ಅವಳು ಕತ್ತಲಲ್ಲಿ ಕುಳಿತಳು. ಒಳಗೆ ಏನೋ ಟಿಕ್ ಎಂದಿತು. ಮತ್ತೆ ಟಿಕ್. ನೀರು ತೊಟ್ಟಿಕ್ಕುವ ಸದ್ದು. ಬೆಂಕಿಯೊಳಗೆ ನೀರು! ಗೋಡೆಯಿಂದ ಕೆಸರಿನ ವಾಸನೆ ಇಳಿಯಿತು. ಯಾರೋ ಅವಳ ಹಿಂದೆ ನಿಂತಂತಾಯಿತು. ತಿರುಗಲಿಲ್ಲ. ತಿರುಗಲಾಗಲಿಲ್ಲ. ಒದ್ದೆ ಕೂದಲೊಂದು ಕುತ್ತಿಗೆಗೆ ತಾಗಿತು. ಹೋಯಿತು. ಮಧ್ಯಾಹ್ನದ ಹೊತ್ತಿಗೆ ಲೈ ಅಣ್ಣ ಆವಿಗೆಯ ಬಾಯಿ ತೆರೆದ. ಬಿಸಿ ಮುಖಕ್ಕೆ ಹೊಡೆಯಿತು. ಕೆಂಪು ಬೆಳಕಿನಲ್ಲಿ ಫಲಕದೊಳಗಿಂದ ಗೆಂಗ್ ಅತ್ತೆ ಅವಳನ್ನೇ ನೋಡುತ್ತಿದ್ದಳು.

ಸುಪಿಂಗ್ ಓಡಿದಳು.

ಮಂಜು ಚದುರಿತ್ತು. ಸುಹೆ ಮೆಟ್ಟಿಲ ಮೇಲೆ ಕುಸಿದು ಕುಳಿತು ಮಗುವಿನಂತೆ ಬಿಕ್ಕುತ್ತಿದ್ದಳು. "ಅಕ್ಕ, ಕಾಲು ನೋಯ್ತಿದೆ. ಬಿಚ್ಚು ಇದನ್ನ, ಬಿಚ್ಚು."

ಅವಳ ಮಣಿಕಟ್ಟಿಗೆ ಬಟ್ಟೆಯ ಪಟ್ಟಿಯೊಂದು ಬಿಗಿದಿತ್ತು. ಅದರ ಇನ್ನೊಂದು ತುದಿ ಗೆಂಗ್ ಅತ್ತೆಯ ಮಣಿಕಟ್ಟಿನಲ್ಲಿತ್ತು, ಮೂರು ಗಂಟು ಹಾಕಿ. ಹುಡುಗಿ ನೀರಿಗಿಳಿದರೆ ತನ್ನನ್ನೂ ಎಳೆದುಕೊಂಡೇ ಇಳಿಯಬೇಕೆಂದು ಕಟ್ಟಿಕೊಂಡ ಗಂಟು ಅದು.

ಗೆಂಗ್ ಅತ್ತೆ ನಿಂತಿದ್ದಳು. ಹೊಳೆ ಬರುವ ದಿಕ್ಕನ್ನು ನೋಡುತ್ತಿದ್ದಳು. ಮೈಮೇಲೆ ತೆಳು ಒಳಂಗಿ ಮಾತ್ರ ಇತ್ತು.

ಸುಪಿಂಗ್ ಗಂಟು ಬಿಚ್ಚಲು ಹೋದಳು. ಆ ಕೈ ತಣ್ಣಗಿತ್ತು, ನುಣುಪಾಗಿತ್ತು.

ಅವಳ ಹಿಂದೆಯೇ ಬಂದಿದ್ದ ಲೈ ಅಣ್ಣ ಎಲ್ಲವನ್ನೂ ನೋಡಿದ. ಕೂಗಾಡಲಿಲ್ಲ. "ಬಾ ನನ್ನ ಜೊತೆ," ಎಂದಷ್ಟೇ ಹೇಳಿ ಆವಿಗೆಯ ಕೋಣೆಗೆ ಕರೆದೊಯ್ದ. ಮೂಲೆಯಲ್ಲಿ ಆವಿಗೆಯ ದೇವರ ಸಣ್ಣ ಗೂಡಿತ್ತು. ದೇವರ ಪಾದದ ಕೆಳಗಿನಿಂದ ಅವನು ಹಳದಿ ಕಾಗದಗಳ ಕಟ್ಟೊಂದನ್ನು ಎಳೆದ. ಒಂದೊಂದರ ಮೇಲೂ ಒಂದೊಂದು ಹೆಸರು, ಹುಟ್ಟಿದ ಗಳಿಗೆ, ಕಾಪಾಡು ಎಂಬ ಒಂದು ಮಾತು. ಲೈ ಅಣ್ಣನ ಹೆಸರಿತ್ತು. ಬೇಸಿಗೆಯಲ್ಲಿ ಕೆಲಸ ಬಿಟ್ಟುಹೋದ ಅಡುಗೆಯವಳ ಹೆಸರಿತ್ತು. ಸುಹೆಯದಿತ್ತು. ಅದರ ಅಡಿಯಲ್ಲಿ ಸುಪಿಂಗ್‌ಳದು.

"ನನ್ನ ಗಳಿಗೆ ಅವರಿಗೆ ಹೇಗೆ ಗೊತ್ತು?"

"ನಿನ್ನ ತಂಗೀನ ಕೇಳಿರ್ತಾರೆ. ನೀನು ಹೇಳ್ತಿರ್ಲಿಲ್ಲವಲ್ಲ." ಅವನು ಕಾಗದಗಳನ್ನು ಜೋಡಿಸಿ ಮತ್ತೆ ದೇವರ ಕೆಳಗಿಟ್ಟ. "ಬಾಚಣಿಗೆಯ ಕೂದಲನ್ನೂ ಬೀದಿಗೆ ಎಸೀತಿರ್ಲಿಲ್ಲ. ಯಾರ ಕೈಗೂ ಸಿಗಬಾರದು ಅಂತ ಇಲ್ಲಿ ತಂದು ಸುಡೋರು."

ಮರುದಿನ ಯಜಮಾನರು ಬಂದರು. ಹೊಳೆಯ ದಡಕ್ಕೆ ಹೋಗಿ ಬಂದರು. ಫಲಕವನ್ನು ತಿರುಗಿಸಿ, ಬೆರಳಿನಿಂದ ತಟ್ಟಿ, ಕಿವಿಗೊಟ್ಟು ಆಲಿಸಿದರು.

"ಎರಡು ಬೆಂಕಿ ತಿಂದಿದೆ. ಇನ್ನೊಂದನ್ನ ತಡ್ಕೊಳ್ಳುತ್ತೆ," ಎಂದರು. "ಅದಾದ ಮೇಲೆ ಇಲ್ಲ."

"ಹೆಂಗಾದ್ರೂ ಮಾಡಿ ಅವರನ್ನ ಬಿಡಿಸಿ, ಯಜಮಾನ್ರೇ. ನಿಮಗೆ ಏನಾದ್ರೂ ಗೊತ್ತಿರಬೇಕು."

"ನನಗೆ ಗೊತ್ತಿರೋದು ಅವಳು ನಿನಗೆ ಹೇಳಿದ್ದೇ. ನಾನು ಬಂದಿದ್ರೆ ಏನು ಮಾಡ್ತಿದ್ದಳು ಗೊತ್ತಾ? ತನ್ನ ಮುಖ ಬರೀರಿ ಅಂತ ನನ್ನನ್ನ ಕೇಳ್ತಿದ್ದಳು. ಅವಳ ಕೈ ನಡುಗುತ್ತಲ್ಲ, ತಾನೇ ಬರ್ಕೊಳ್ಳೋಕೆ ಆಗ್ತಿರ್ಲಿಲ್ಲ. ನಿನ್ನ ಹತ್ರ ಕೇಳಿದ್ರೆ ನೀನು ಆಮೇಲೆ ಜೀವನವಿಡೀ ಕೊರಗ್ತೀಯ ಅಂತ ಕಾದಿದ್ದಾಳೆ." ಅವರು ಒಳಗೆ ಹೋಗಿ ಒಂದು ಕನ್ನಡಿ ತಂದು ಅವಳ ಮೇಜಿನ ಮೇಲೆ ಒರಗಿಸಿಟ್ಟರು.

ಕನ್ನಡಿ ಅಲ್ಲೇ ಇತ್ತು. ಸುಪಿಂಗ್ ಮೊದಲ ದಿನ ಬಿಳಿ ಕಲಸಿದಳು, ಅದು ಒಣಗಿತು. ಎರಡನೆಯ ದಿನ ಕುಂಚ ಎತ್ತಿದಳು. ಸುಹೆ ನಿದ್ದೆಯಲ್ಲಿ "ಅಕ್ಕ" ಎಂದಳು, ಕುಂಚ ಕೆಳಗಿಟ್ಟಳು. ತಾನು ನಿಂತರೆ ಇವಳಿಗೆ ಯಾರು? ಆ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಅದನ್ನು ಅವಳು ದಿನಕ್ಕೆ ನೂರು ಸಲ ಕೇಳಿಕೊಂಡಳು. ಪ್ರತಿ ಸಲವೂ ಅದು ಸ್ವಲ್ಪ ಸ್ವಲ್ಪವೇ ಸುಳ್ಳಾಗುತ್ತಿತ್ತು. ಫಲಕದಲ್ಲಿ ಒಂದು ಕಣ್ಣು ಮರೆಯಾಯಿತು. ಮಚ್ಚೆ ಮರೆಯಾಯಿತು.

ಸುಹೆ ಅಕ್ಕನನ್ನು ಏನೂ ಕೇಳಲಿಲ್ಲ. ಒಮ್ಮೆ ಮಾತ್ರ, ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತ ತಾನಾಗಿಯೇ ಹೇಳಿದಳು: "ಅಲ್ಲಿ ನಿಂತಿದ್ದಾಗ ಏನೂ ಕೇಳಿಸ್ತಿರ್ಲಿಲ್ಲ, ಅಕ್ಕ. ಕೈಗೆ ಬಿಸಿ ತಾಗಿದ್ದು ಮಾತ್ರ ಗೊತ್ತಾಗ್ತಿತ್ತು. ಅತ್ತೆ ಉಜ್ತಿದ್ರಲ್ಲ, ಅದು."

ಒಂಬತ್ತನೆಯ ಬೆಳಗ್ಗೆ ಫಲಕದಲ್ಲಿ ಉಳಿದಿದ್ದದ್ದು ರೆಪ್ಪೆಯ ತುದಿ ಮಾತ್ರ. ಕೂದಲೆಳೆಯಷ್ಟು. ಆವಿಗೆಗೆ ಇದ್ದಿಲು ತುಂಬಿ ಲೈ ಅಣ್ಣ ಕಾಯುತ್ತಿದ್ದ. ಅವಳನ್ನು ಕರೆಯಲು ಬರಲಿಲ್ಲ, ಹೊಸ್ತಿಲಲ್ಲಿ ಕುಳಿತಿದ್ದ ಅಷ್ಟೆ. ಸುಪಿಂಗ್ ಕನ್ನಡಿಯ ಮುಂದೆ ಕುಳಿತಳು. ತನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಅದನ್ನು ಹೇಗೆ ಬರೆಯಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕುಂಚವನ್ನು ಮುಟ್ಟದೆ ಎದ್ದು ಅಡುಗೆಮನೆಗೆ ಹೋದಳು. ಅನ್ನ ಮಾಡಿದಳು. ಅದರ ಮೇಲೆ ಹುರಿದ ತೋಫು, ಉಪ್ಪು ಹಾಕಿಟ್ಟ ಸೊಪ್ಪು, ಒಂದು ಮೊಟ್ಟೆ ಇಟ್ಟಳು. ಮುದುಕಿಗೆ ಅಗಿಯಲು ಸುಲಭವಾಗಲೆಂದು ಸೊಪ್ಪನ್ನು ಸಣ್ಣಗೆ ಹೆಚ್ಚಿದಳು. ಬಟ್ಟಲಿಗೆ ಬಟ್ಟೆ ಸುತ್ತಿ, ಹೊಸ್ತಿಲಲ್ಲಿದ್ದ ಲೈ ಅಣ್ಣನನ್ನು ನೋಡದೆ ದಾಟಿ, ಹೊಳೆಗೆ ನಡೆದಳು.

ಗೆಂಗ್ ಅತ್ತೆ ಕೊನೆಯ ಮೆಟ್ಟಿಲಿಗೆ ಇಳಿದಿದ್ದಳು. ನೀರು ಅವಳ ಪಾದವನ್ನು ಮುಟ್ಟುತ್ತಿತ್ತು.

ಸುಪಿಂಗ್ ಆ ತಣ್ಣನೆಯ ಎರಡು ಕೈಗಳನ್ನು ಮುಂದಕ್ಕೆ ತಂದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಿಸಿ ಬಟ್ಟಲನ್ನು ಅವುಗಳ ನಡುವೆ ಇಟ್ಟಳು.